ಮಕ್ಕಳ ದಂತ ಚಿಕಿತ್ಸೆಯ ವೆಚ್ಚ

ಹಾಲುಹಲ್ಲು ಮೂಡುವ ಕಾಲದಿಂದ ಹದಿಹರೆಯದವರೆಗೆ ಮಕ್ಕಳ ಹಲ್ಲು, ವಸಡು, ದವಡೆಗಳಿಗೆ ತಜ್ಞರು ನೀಡುವ ಚಿಕಿತ್ಸೆಗೆ ತಗಲುವ ಖರ್ಚು ಮತ್ತು ಅದನ್ನು ಕುಟುಂಬ, ಸರ್ಕಾರ, ವಿಮೆ, ದತ್ತಿ ಸಂಸ್ಥೆಗಳು ಹೊರುವ ಬಗೆ ಈ ಲೇಖನದ ವಿಷಯ. ಭಾರತದಲ್ಲಿ ಈ ಖರ್ಚು ಬಹುಮಟ್ಟಿಗೆ ತಂದೆತಾಯಿಯ ಜೇಬಿನಿಂದಲೇ ಹೋಗುತ್ತದೆ. ಇಲ್ಲಿನ ಆರೋಗ್ಯ ವಿಮೆ ಮತ್ತು ಸರ್ಕಾರಿ ಆರೋಗ್ಯ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಹಲ್ಲಿನ ಚಿಕಿತ್ಸೆಯಾದರೋ ಕುರ್ಚಿಯ ಮೇಲೆ ನಡೆದು, ಮಗು ಅದೇ ದಿನ ಮನೆಗೆ ಮರಳುತ್ತದೆ. ಹೀಗಾಗಿ ಹುಳುಕಿನಂಥ ಸರ್ವೇಸಾಮಾನ್ಯ ರೋಗ ಯೋಜನೆಗಳ ಹೊರಗೆ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 51.4 ಕೋಟಿ ಮಕ್ಕಳ ಹಾಲುಹಲ್ಲುಗಳು ಹುಳುಕಾಗಿವೆ.

ಚಿಕಿತ್ಸೆಯ ಮೆಟ್ಟಿಲುಗಳು

ಮಕ್ಕಳ ದಂತತಜ್ಞರು ಬಿಡಿಎಸ್ ಪದವಿಯ ನಂತರ ಮೂರು ವರ್ಷದ ಎಂಡಿಎಸ್ ಓದಿದವರು. ಈ ಶಾಖೆಗೆ ಪೀಡೋಡಾಂಟಿಕ್ಸ್ ಎಂದು ಹೆಸರು. ಹುಳುಕು ಚಿಕಿತ್ಸೆಯಲ್ಲದೆ, ಹೆದರಿದ ಮಗುವನ್ನು ಒಲಿಸಿಕೊಳ್ಳುವುದು, ಬುದ್ಧಿಮಾಂದ್ಯ ಅಥವಾ ಆಟಿಸಂ ಇರುವ ಮಕ್ಕಳನ್ನು ನಿಭಾಯಿಸುವುದು, ಬಿದ್ದು ಮುರಿದ ಹಲ್ಲನ್ನು ಉಳಿಸುವುದು ಇವರ ಕೆಲಸ. ವಕ್ರದಂತಕ್ಕೆ ತಂತಿ ಅಥವಾ ಕ್ಲಿಪ್ ಹಾಕುವವರು ಆರ್ಥೊಡಾಂಟಿಸ್ಟರು.

ಹಾಲುಹಲ್ಲುಗಳು ಒಟ್ಟು 20. ಸುಮಾರು ಆರನೆಯ ತಿಂಗಳಲ್ಲಿ ಮೂಡತೊಡಗಿ ಮೂರು ವರ್ಷದೊಳಗೆ ಪೂರ್ತಿಯಾಗುತ್ತವೆ. ‘ಹೇಗೂ ಬಿದ್ದುಹೋಗುವ ಹಲ್ಲಿಗೆ ದುಡ್ಡು ಯಾಕೆ ಸುರಿಯಬೇಕು’ ಎಂಬ ಮಾತು ಮನೆಗಳಲ್ಲಿ ಸಾಮಾನ್ಯ. ಆದರೆ ಎಲ್ಲ ಹಾಲುಹಲ್ಲೂ ಒಂದೇ ಕಾಲಕ್ಕೆ ಬೀಳುವುದಿಲ್ಲ. ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬಿದ್ದರೆ, ಹಿಂದಿನ ದವಡೆ ಹಲ್ಲು 10ರಿಂದ 12 ವರ್ಷದವರೆಗೆ ಇರಬೇಕಾದದ್ದು. ನಾಲ್ಕು ವರ್ಷದ ಮಗುವಿನ ದವಡೆ ಹಲ್ಲನ್ನು ಕಿತ್ತರೆ, ಆರನೆಯ ವಯಸ್ಸಿನಲ್ಲಿ ಹುಟ್ಟುವ ಶಾಶ್ವತ ದವಡೆ ಹಲ್ಲು ಮುಂದಕ್ಕೆ ಸರಿದು ಆ ಜಾಗವನ್ನು ನುಂಗುತ್ತದೆ. ಅಡಿಯಿಂದ ಬರಬೇಕಾದ ಹಲ್ಲಿಗೆ ಎಡೆಯಿಲ್ಲದೆ ಅದು ಸೊಟ್ಟಗೆ ಮೂಡುತ್ತದೆ. ಅಂದು ಉಳಿಸಿದ ಹಣ ಮುಂದೆ ತಂತಿ ಹಾಕಿಸಲು ಹೋಗುತ್ತದೆ.

ಹುಳುಕು ಆಳಕ್ಕಿಳಿದಂತೆ ಖರ್ಚು ಏರುತ್ತದೆ. ಮೊದಲ ಹಂತದಲ್ಲಿ ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಬಳಿಯುವುದು, ದವಡೆ ಹಲ್ಲಿನ ಸೀಳುಗಳನ್ನು ಸೀಲೆಂಟಿನಿಂದ ಮುಚ್ಚುವುದು ಸಾಕು. ಎರಡನೆಯದು ಫಿಲ್ಲಿಂಗ್. ಹುಳುಕು ನರ ಮುಟ್ಟಿದರೆ ಪಲ್ಪಾಟಮಿ ಅಥವಾ ಪಲ್ಪೆಕ್ಟಮಿ, ಎಂದರೆ ಮನೆಮಾತಿನಲ್ಲಿ ‘ಮಕ್ಕಳ ರೂಟ್ ಕೆನಾಲ್’, ಮತ್ತು ಅದರ ಮೇಲೆ ಕ್ಯಾಪ್. ಅದೂ ಆಗದಿದ್ದರೆ ಹಲ್ಲು ಕಿತ್ತು, ಜಾಗ ಮುಚ್ಚಿಹೋಗದಂತೆ ಸ್ಪೇಸ್ ಮೇಂಟೇನರ್ ಎಂಬ ತಂತಿಯ ಸಾಧನ ಕೂರಿಸಬೇಕು. ಮೊದಲ ಹಂತ ಕೆಲವೇ ನಿಮಿಷದ್ದು. ಕೊನೆಯ ಹಂತಗಳಿಗೆ ಎಕ್ಸ್‌ರೇ, ಇಂಜೆಕ್ಷನ್, ಲ್ಯಾಬ್ ಕೆಲಸ, ಹಲವು ಭೇಟಿ ಬೇಕು. ಮಗು ಬಾಯಿ ತೆರೆಯಲು ಒಪ್ಪದ ದಿನ ಆ ಭೇಟಿಯೇ ವ್ಯರ್ಥ.

ನರಕ್ಕೆ ಸೋಂಕು ತಗಲದ ಹಲ್ಲುಗಳಿಗೆ ಅಗ್ಗದ ದಾರಿಯೊಂದಿದೆ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ರೂಢಿಸಿದ್ದರಿಂದ ಅದಕ್ಕೆ ಹಾಲ್ ವಿಧಾನವೆಂದೇ ಹೆಸರಾಯಿತು. ಹಲ್ಲುಗಳ ನಡುವೆ ಪುಟ್ಟ ರಬ್ಬರ್ ಉಂಗುರ ತೂರಿಸಿ ಕೆಲವು ದಿನ ಬಿಡುತ್ತಾರೆ. ಸಂದು ಬಿಟ್ಟ ಮೇಲೆ ಪೆಟ್ಟಿಗೆಯಿಂದ ಅಳತೆಗೆ ಒಪ್ಪುವ ಸಿದ್ಧ ಸ್ಟೀಲ್ ಕ್ಯಾಪ್ ಆರಿಸಿ, ಅದರೊಳಗೆ ಸಿಮೆಂಟ್ ತುಂಬಿ ಹಲ್ಲಿನ ಮೇಲಿಟ್ಟು, ಮಗುವಿಗೇ ಕಚ್ಚಲು ಹೇಳುತ್ತಾರೆ. ಇದಕ್ಕೆ ಇಂಜೆಕ್ಷನ್ ಬೇಡ, ಹಲ್ಲು ಕೊರೆಯುವುದೂ ಇಲ್ಲ. ಹುಳುಕು ಆಹಾರದ ಸಂಪರ್ಕ ತಪ್ಪಿ ನಿಂತುಹೋಗುತ್ತದೆ.

ಅರಿವಳಿಕೆಯಡಿ ಚಿಕಿತ್ಸೆ

ಎರಡು–ಮೂರು ವರ್ಷದ ಮಗುವಿಗೆ ಏಳೆಂಟು ಹಲ್ಲು ಹುಳುಕಾಗಿದ್ದರೆ ಅಥವಾ ಮಗುವಿಗೆ ವಿಶೇಷ ಅಗತ್ಯಗಳಿದ್ದರೆ, ಪೂರ್ಣ ಅರಿವಳಿಕೆ ಕೊಟ್ಟು ಒಂದೇ ಸಲ ಎಲ್ಲ ಹಲ್ಲುಗಳ ಕೆಲಸ ಮುಗಿಸುವುದುಂಟು. ಆಗ ರಕ್ತಪರೀಕ್ಷೆ, ಮಕ್ಕಳ ವೈದ್ಯರ ತಪಾಸಣೆ, ಅರಿವಳಿಕೆ ತಜ್ಞರು, ಆಪರೇಷನ್ ಥಿಯೇಟರ್ ಎಲ್ಲವೂ ಸೇರಿ ಬಿಲ್ ಎರಡು ಭಾಗವಾಗುತ್ತದೆ: ದಂತವೈದ್ಯರದು ಒಂದು, ಆಸ್ಪತ್ರೆಯದು ಇನ್ನೊಂದು. ಹುಳುಕಿನ ಚಿಕಿತ್ಸೆ ವಿಮೆಯ ಭಾಷೆಗೆ ಹತ್ತಿರ ಬರುವ ಘಟ್ಟ ಇದೊಂದೇ. ಅಮೆರಿಕದ ಹಲವು ರಾಜ್ಯಗಳಲ್ಲಿ ಚಿಕ್ಕ ಮಕ್ಕಳ ಮತ್ತು ಅಂಗವಿಕಲರ ದಂತ ಚಿಕಿತ್ಸೆಗೆ ಬೇಕಾದ ಅರಿವಳಿಕೆ ಹಾಗೂ ಆಸ್ಪತ್ರೆ ವೆಚ್ಚವನ್ನು ವೈದ್ಯಕೀಯ ವಿಮೆಯೇ ಭರಿಸಬೇಕೆಂಬ ಕಾನೂನಿದೆ. ಭಾರತದಲ್ಲಿ ಇದು ಪಾಲಿಸಿಯ ಷರತ್ತಿಗೆ ಬಿಟ್ಟ ವಿಷಯ. ಆದ್ದರಿಂದ ಇಲ್ಲಿ ದಿನ ಗೊತ್ತುಮಾಡುವ ಮೊದಲೇ ವಿಮಾ ಕಂಪನಿಯ ಪೂರ್ವಾನುಮತಿ ಕೇಳುವುದು ಅಗತ್ಯ.

ಸರ್ಕಾರಿ ವ್ಯವಸ್ಥೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು 30ಕ್ಕೂ ಹೆಚ್ಚು ಬಗೆಯ ಆರೋಗ್ಯ ಸಮಸ್ಯೆಗಳಿಗಾಗಿ ತಪಾಸಣೆ ಮಾಡುತ್ತದೆ. ಸೀಳುತುಟಿ–ಸೀಳಂಗಳ ಮತ್ತು ದಂತ ಸಮಸ್ಯೆಗಳು ಆ ಪಟ್ಟಿಯಲ್ಲಿವೆ. ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕೆಂಬುದು ನಿಯಮ. ಹುಳುಕು ಕಂಡ ಮಗುವಿಗೆ ಮೇಲಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಲ್ಲಿ ಹಲ್ಲು ಕೀಳಿಸಬಹುದು, ಸಾಮಾನ್ಯ ಫಿಲ್ಲಿಂಗ್ ಮಾಡಿಸಬಹುದು. ಮಕ್ಕಳ ರೂಟ್ ಕೆನಾಲ್, ಕ್ಯಾಪ್, ಸ್ಪೇಸ್ ಮೇಂಟೇನರ್‌ಗಳಿಗೆ ಸಾಮಾನ್ಯವಾಗಿ ದಂತ ಕಾಲೇಜಿಗೇ ಹೋಗಬೇಕು.

ಕರ್ನಾಟಕದಲ್ಲಿ ಬೆಂಗಳೂರು ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜುಗಳಿವೆ. ಧಾರವಾಡ, ಬೆಳಗಾವಿ, ಮೈಸೂರು, ದಾವಣಗೆರೆ, ಮಣಿಪಾಲ, ಮಂಗಳೂರು ಮುಂತಾದೆಡೆ ಖಾಸಗಿ ಕಾಲೇಜುಗಳ ಬೋಧನಾ ಆಸ್ಪತ್ರೆಗಳಿವೆ. ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಚಿಕಿತ್ಸೆ ನೀಡುವುದರಿಂದ ಖಾಸಗಿ ಕ್ಲಿನಿಕ್ಕಿಗಿಂತ ಇಲ್ಲಿ ದರ ಕಡಿಮೆ. ಆದರೆ ಪ್ರತಿ ಹಂತವನ್ನೂ ಪ್ರಾಧ್ಯಾಪಕರು ನೋಡಿ ಒಪ್ಪಬೇಕಾದ್ದರಿಂದ ಕೆಲಸ ನಿಧಾನ, ಭೇಟಿಗಳು ಹೆಚ್ಚು. ಕೂಲಿ ಮಾಡುವ ತಾಯಿಗೆ ಬಸ್ಸಿನ ಖರ್ಚು, ಕಳೆದುಹೋದ ದಿನಗೂಲಿ ಸೇರಿ ಚಿಕಿತ್ಸೆಯ ಶುಲ್ಕವನ್ನೇ ಮೀರಬಹುದು.

2018ರಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಯೋಜನೆಗಳು ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿ. ದವಡೆ ಮುರಿತದಂಥ ಶಸ್ತ್ರಚಿಕಿತ್ಸೆಗೆ ಇದು ಆಸರೆ. ದಿನನಿತ್ಯದ ಫಿಲ್ಲಿಂಗ್–ಕ್ಯಾಪ್‌ಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಹಲ್ಲಿನ ಹೆಸರಿನಲ್ಲೇ ರಾಜ್ಯ ಸರ್ಕಾರ ತಂದ ‘ದಂತ ಭಾಗ್ಯ’ ಯೋಜನೆ ಹಲ್ಲು ಕಳೆದುಕೊಂಡ ಬಡವರಿಗೆ ಹಲ್ಲುಸೆಟ್ ಕೊಡುವಂಥದು. ಮಕ್ಕಳ ಹಲ್ಲು ಉಳಿಸುವುದು ಅದರ ಉದ್ದೇಶವಲ್ಲ.

ವಿಮೆ ಮತ್ತು ಉದ್ಯೋಗದ ಸೌಲಭ್ಯ

ಖಾಸಗಿ ಆರೋಗ್ಯ ಪಾಲಿಸಿಗಳು ಸಾಮಾನ್ಯವಾಗಿ ಅಪಘಾತದಿಂದ ಒದಗಿದ ದಂತ ಚಿಕಿತ್ಸೆಯನ್ನು ಮಾತ್ರ ಒಪ್ಪುತ್ತವೆ. 2020ರಲ್ಲಿ ಬಂದ ಆರೋಗ್ಯ ಸಂಜೀವನಿ ಎಂಬ ಏಕರೂಪ ಪಾಲಿಸಿ ರೋಗ ಅಥವಾ ಪೆಟ್ಟಿನಿಂದ ಅಗತ್ಯವಾದ ದಂತ ಚಿಕಿತ್ಸೆಯನ್ನು ಹೆಸರಿಸುತ್ತದೆಯಾದರೂ, ಅದೂ ಆಸ್ಪತ್ರೆ ದಾಖಲಾತಿಯ ಚೌಕಟ್ಟಿನೊಳಗೇ. ಹೊರರೋಗಿ ವೆಚ್ಚಕ್ಕೆ ಹೆಚ್ಚುವರಿ ಪ್ರೀಮಿಯಂ ಕಟ್ಟುವ ಪಾಲಿಸಿಗಳಲ್ಲಿ ವಾರ್ಷಿಕ ಮಿತಿ ಸಣ್ಣದಿರುವುದುಂಟು. ತಂತಿ ಹಾಕಿಸುವುದನ್ನು ಸೌಂದರ್ಯ ಚಿಕಿತ್ಸೆಯೆಂದು ತಳ್ಳಿಹಾಕುವುದೂ ಉಂಟು.

ಇಎಸ್‌ಐ ಸ್ವಲ್ಪ ಬೇರೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ ಕಾರ್ಮಿಕರು ವೇತನದ ಶೇ 0.75, ಮಾಲೀಕರು ಶೇ 3.25 ವಂತಿಗೆ ಕಟ್ಟುವ ಈ ವ್ಯವಸ್ಥೆಯಲ್ಲಿ ಕಾರ್ಮಿಕರ ಮಕ್ಕಳಿಗೂ ಹೊರರೋಗಿ ಚಿಕಿತ್ಸೆ ದೊರೆಯುತ್ತದೆ. ಇಎಸ್‌ಐ ಆಸ್ಪತ್ರೆಯ ದಂತ ವಿಭಾಗ ಅದರಲ್ಲಿ ಸೇರಿದೆ. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್‌ನಲ್ಲಿ ದಂತ ಚಿಕಿತ್ಸೆಗೆ ನಿಗದಿತ ದರಪಟ್ಟಿಯೇ ಇದೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ. ಹೊರರೋಗಿ ವೆಚ್ಚವನ್ನೂ ಮುಂಜಾಗ್ರತೆಯ ದಂತ ಚಿಕಿತ್ಸೆಯನ್ನೂ ನಿಗದಿತ ಮಿತಿಯೊಳಗೆ ಒಪ್ಪುವ ವಿರಳ ಯೋಜನೆಗಳಲ್ಲಿ ಇದೊಂದು.

ಸೀಳುತುಟಿ: ಒಂದು ಅಪವಾದ

ಸೀಳುತುಟಿ, ಸೀಳಂಗಳದೊಡನೆ ಹುಟ್ಟಿದ ಮಗುವಿಗೆ ಎಲ್ಲ ಬಾಗಿಲುಗಳೂ ಒಟ್ಟಿಗೆ ತೆರೆದಿರುತ್ತವೆ. ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅದನ್ನು ಗುರುತಿಸುತ್ತದೆ. ಶಸ್ತ್ರಚಿಕಿತ್ಸೆ ಒಳರೋಗಿ ಚಿಕಿತ್ಸೆಯಾದ್ದರಿಂದ ಸರ್ಕಾರಿ ಯೋಜನೆ ಹಣ ಕೊಡಬಲ್ಲದು. 1999ರಲ್ಲಿ ಸ್ಥಾಪನೆಯಾದ ಸ್ಮೈಲ್ ಟ್ರೇನ್‌ನಂಥ ದತ್ತಿ ಸಂಸ್ಥೆಗಳು ಸಹಭಾಗಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡಿಸುತ್ತವೆ. ಆದರೂ ತುಟಿ–ಅಂಗಳ ಹೊಲಿದ ಮೇಲೆ ಹಲ್ಲು ಸಾಲಿಗೆ ತರುವ ತಂತಿ ಕೆಲಸ, ಮಾತಿನ ತರಬೇತಿ ವರ್ಷಗಟ್ಟಲೆ ನಡೆಯಬೇಕು. ದೂರದ ಊರಿನ ಕುಟುಂಬಗಳು ಚಿಕಿತ್ಸೆ ಬಿಡುವ ಅಪಾಯ ಹೆಚ್ಚಿರುವುದು ಈ ದೀರ್ಘ ಹೊರರೋಗಿ ಹಂತದಲ್ಲೇ.

ಬೇರೆ ದೇಶಗಳಲ್ಲಿ

ಬ್ರಿಟನ್ನಿನ ಎನ್‌ಎಚ್‌ಎಸ್‌ನಲ್ಲಿ 18 ವರ್ಷದೊಳಗಿನವರಿಗೆ ದಂತ ಚಿಕಿತ್ಸೆ ಉಚಿತ. ತಂತಿ ಹಾಕುವುದು ಮಾತ್ರ ವಕ್ರತೆಯ ತೀವ್ರತೆಯನ್ನು ಐದು ದರ್ಜೆಗಳಲ್ಲಿ ಅಳೆದ ಮೇಲೆ; ನಾಲ್ಕು ಮತ್ತು ಐದನೆಯ ದರ್ಜೆಯವರು ಅರ್ಹರು, ಮೂರನೆಯ ದರ್ಜೆಯಲ್ಲಿ ಕೆಲವರು ಮಾತ್ರ. ಜರ್ಮನಿಯ ಸಾರ್ವಜನಿಕ ವಿಮೆಯಲ್ಲಿ ತಂತಿ ಚಿಕಿತ್ಸೆಯ ಶೇ 20ರಷ್ಟನ್ನು ತಂದೆತಾಯಿ ಮೊದಲು ಕಟ್ಟಬೇಕು. ಚಿಕಿತ್ಸೆ ಪೂರ್ತಿಯಾದರೆ ಆ ಹಣ ಮರಳಿ ಬರುತ್ತದೆ, ನಡುವೆ ಬಿಟ್ಟರೆ ಇಲ್ಲ. ಆಸ್ಟ್ರೇಲಿಯಾದಲ್ಲಿ 2014ರಿಂದ ಜಾರಿಯಲ್ಲಿರುವ ಮಕ್ಕಳ ದಂತ ಯೋಜನೆ ಅರ್ಹ ಕುಟುಂಬಗಳಿಗೆ ಎರಡು ವರ್ಷಕ್ಕೊಂದು ಮೊತ್ತ ನಿಗದಿಪಡಿಸುತ್ತದೆ. ತಂತಿ ಮತ್ತು ಆಸ್ಪತ್ರೆಯಲ್ಲಿ ಮಾಡುವ ಕೆಲಸ ಅದರಲ್ಲಿಲ್ಲ.

ಅಮೆರಿಕದಲ್ಲಿ ಬಡ ಮಕ್ಕಳಿಗೆ ಮೆಡಿಕೇಯ್ಡ್ ಎಂಬ ಸರ್ಕಾರಿ ವಿಮೆ ದಂತ ಚಿಕಿತ್ಸೆ ಕೊಡಲೇಬೇಕು. ಆದರೆ ಕಡಿಮೆ ದರದಿಂದಾಗಿ ಅನೇಕ ದಂತವೈದ್ಯರು ಆ ವಿಮೆಯನ್ನು ಒಪ್ಪುವುದಿಲ್ಲ. 2007ರಲ್ಲಿ ಮೇರಿಲ್ಯಾಂಡಿನ 12 ವರ್ಷದ ಡಿಯಮಾಂಟೆ ಡ್ರೈವರ್ ಎಂಬ ಬಾಲಕ ಹಲ್ಲಿನ ಕೀವು ಮಿದುಳಿಗೆ ಹರಡಿ ತೀರಿಕೊಂಡ. ಸಾವಿಗೆ ಮುನ್ನ ನಡೆದ ಮಿದುಳಿನ ಶಸ್ತ್ರಚಿಕಿತ್ಸೆ, ಆಸ್ಪತ್ರೆವಾಸಗಳ ವೆಚ್ಚದ ಮುಂದೆ ಆ ಹಲ್ಲು ಕೀಳುವ ಖರ್ಚು ಏನೇನೂ ಅಲ್ಲ. ಈ ಪ್ರಕರಣ ದೇಶದಾದ್ಯಂತ ಚರ್ಚೆಯಾಗಿ, 2009ರಲ್ಲಿ ಮಕ್ಕಳ ಆರೋಗ್ಯ ವಿಮಾ ಕಾರ್ಯಕ್ರಮದಲ್ಲಿ ದಂತ ಚಿಕಿತ್ಸೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂತು.

ವೆಚ್ಚ ತಗ್ಗಿಸುವ ಕ್ರಮಗಳು

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (2007) ಪ್ರಕಾರ ಕ್ಲಿನಿಕ್ಕುಗಳು ದರಪಟ್ಟಿ ಪ್ರಕಟಿಸಬೇಕು. ಹಲ್ಲಿನ ಸಂಖ್ಯೆ, ಆಗಬೇಕಾದ ಕೆಲಸ, ಭೇಟಿಗಳು, ಎಕ್ಸ್‌ರೇ, ಕ್ಯಾಪಿನ ಬಗೆಗಳನ್ನು ಬಿಡಿಬಿಡಿಯಾಗಿ ನಮೂದಿಸಿದ ಅಂದಾಜು ಪಟ್ಟಿಯನ್ನು ಮೊದಲೇ ಕೇಳಿ ಪಡೆಯುವುದು ಒಳಿತು. ಬಿಳಿ ಜಿರ್ಕೋನಿಯಾ ಕ್ಯಾಪು ಸ್ಟೀಲಿನದಕ್ಕಿಂತ ದುಬಾರಿ. ಒಳಗಿನ ದವಡೆ ಹಲ್ಲಿಗೆ ಸ್ಟೀಲೇ ಸಾಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟ್, ಗ್ಲಾಸ್ ಅಯೊನೊಮರ್ ಸಿಮೆಂಟ್, ಸಿಲ್ವರ್ ಡೈಅಮೈನ್ ಫ್ಲೋರೈಡ್‌ಗಳನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಕೊನೆಯದು ಹುಳುಕಿನ ಮೇಲೆ ಹಚ್ಚುವ ದ್ರವ. ರೋಗವನ್ನು ತಡೆಯುತ್ತದೆ, ಆದರೆ ಹುಳುಕಾದ ಭಾಗ ಕಪ್ಪಾಗುತ್ತದೆ. ಮುಂದಿನ ಹಲ್ಲಿಗೆ ಬೇಡವೆನ್ನುವ ತಂದೆತಾಯಿ ದವಡೆ ಹಲ್ಲಿಗೆ ಒಪ್ಪುವುದುಂಟು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆಗಳಲ್ಲಿ ಇದನ್ನು ದಂತವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಮೊದಲ ಹುಟ್ಟುಹಬ್ಬದೊಳಗೆ ಮೊದಲ ತಪಾಸಣೆ ಆಗಬೇಕೆಂಬುದು ಮಕ್ಕಳ ದಂತತಜ್ಞರ ಸಲಹೆ. ಆ ಭೇಟಿಗೆ ಪಾಲಿಸಿಗಳು ಹಣ ಕೊಡುವುದು ಅಪರೂಪ. ಆದರೂ ಮುಂದಿನ ದೊಡ್ಡ ಬಿಲ್ಲುಗಳನ್ನು ತಪ್ಪಿಸುವ ಸಾಧ್ಯತೆ ಹೆಚ್ಚಿರುವುದು ಅದಕ್ಕೇ.