ರೆಪ್ಪೆ ಮಿಟುಕಿಸಿದ ವೈಪರ್

ತುಂತುರು ಮಳೆಯಲ್ಲಿ ಕಾರಿನ ವೈಪರ್ ಒಮ್ಮೆ ಗಾಜನ್ನು ಒರೆಸಿ, ತುಸು ತಡೆದು, ಮತ್ತೆ ಒರೆಸುವುದನ್ನು ನಾವೆಲ್ಲ ನೋಡಿದ್ದೇವೆ. ಆ ಚಿಕ್ಕ ವಿರಾಮಕ್ಕಾಗಿ ಒಬ್ಬ ಮನುಷ್ಯನ ಅರ್ಧ ಬದುಕೇ ಸವೆದುಹೋಯಿತು.

ಅಮೆರಿಕದ ಡೆಟ್ರಾಯಿಟ್‌ನ ಇಂಜಿನಿಯರ್ ರಾಬರ್ಟ್ ಕರ್ನ್ಸ್‌ಗೆ 1953ರಲ್ಲಿ, ಮದುವೆಯ ರಾತ್ರಿಯೇ, ಬಾಟಲಿಯ ಬಿರಡೆ ಸಿಡಿದು ಎಡಗಣ್ಣಿಗೆ ಪೆಟ್ಟಾಯಿತು. ಕಣ್ಣಿನ ರೆಪ್ಪೆ ಬಿಟ್ಟು ಬಿಟ್ಟು ಮಿಟುಕುವಂತೆ ವೈಪರ್ ಏಕೆ ಆಡಬಾರದು ಎಂಬ ಯೋಚನೆ ಮುಂದೆ ಆತನನ್ನು ಹಿಡಿಯಿತು. 1963ರಲ್ಲಿ ತನ್ನ ಕಾರಿಗೇ ಅಳವಡಿಸಿ ಫೋರ್ಡ್ ಕಂಪನಿಗೆ ತೋರಿಸಿದ. 1967ರಲ್ಲಿ ಪೇಟೆಂಟ್ ಸಿಕ್ಕಿತು. ತಾನೇ ಕಾರ್ಖಾನೆ ತೆರೆದು ವೈಪರ್ ತಯಾರಿಸಬೇಕೆಂಬುದು ಆತನ ಆಸೆ. ಆದರೆ ಫೋರ್ಡ್ ಮಾತುಕತೆ ಮುರಿದು, 1969ರಲ್ಲಿ ಅಂಥದೇ ವೈಪರನ್ನು ತಾನೇ ಮಾರುಕಟ್ಟೆಗೆ ತಂದಿತು.

ಪೇಟೆಂಟ್ ಎಂದರೆ ಸರಕಾರ ಕೊಟ್ಟ ಕಾವಲುಗಾರ ಎಂದು ನಾವು ಭಾವಿಸುತ್ತೇವೆ. ನಿಜಕ್ಕೂ ಅದು ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕು ಮಾತ್ರ. ಕರ್ನ್ಸ್ 1978ರಲ್ಲಿ ಬಾಗಿಲು ತಟ್ಟಿದ. 1990ರಲ್ಲಿ ಜ್ಯೂರಿ ಉಲ್ಲಂಘನೆಯಾಗಿದೆ ಎಂದಿತು, ಆದರೆ ಅದು ಉದ್ದೇಶಪೂರ್ವಕವಲ್ಲ ಎಂದೂ ಹೇಳಿತು. ಫೋರ್ಡ್ 1 ಕೋಟಿ 2 ಲಕ್ಷ ಡಾಲರ್ ಕೊಟ್ಟಿತು. ಕ್ರೈಸ್ಲರ್ ವಿರುದ್ಧ ತಾನೇ ವಾದಿಸಿ ಬಡ್ಡಿಸಹಿತ ಸುಮಾರು 3 ಕೋಟಿ ಡಾಲರ್ ಪಡೆದ. ಗಡುವಿನೊಳಗೆ ಕಾಗದಪತ್ರ ಸಲ್ಲಿಸದೆ ಉಳಿದ ಕಂಪನಿಗಳ ಮೇಲಿನ ದಾವೆಗಳು ಬಿದ್ದುಹೋದವು.

ಇದನ್ನು ಗೆಲುವು ಎನ್ನೋಣವೇ? ಅಂದಿನ ಅಮೆರಿಕದ ಕಾನೂನಿನಲ್ಲಿ ಪೇಟೆಂಟಿಗೆ 17 ವರ್ಷಗಳ ಆಯುಸ್ಸು. ತೀರ್ಪು ಬರುವ ಮೊದಲೇ, 1984ರಲ್ಲಿ, 1967ರ ಆ ಹಕ್ಕು ತೀರಿಹೋಗಿತ್ತು. ದಾಂಪತ್ಯವೂ ಮುರಿದಿತ್ತು. ಕರ್ನ್ಸ್ 2005ರಲ್ಲಿ ನಿಧನನಾದ. ಪರಿಹಾರ ಬಂತು, ಕಾರ್ಖಾನೆ ಮಾತ್ರ ಏಳಲೇ ಇಲ್ಲ. ತಡವಾಗಿ ಬಂದ ನ್ಯಾಯ ಹಣವನ್ನು ಕೊಡಬಲ್ಲದು, ಕಳೆದ ಕಾಲವನ್ನಲ್ಲ.