ನಮ್ಮ ಮೂರು ತಾಲ್ಲೂಕುಗಳನ್ನು ಅಳೆದ ವರದಿ

ಯಾದಗಿರಿ, ಶಹಾಪುರ, ಸುರಪುರ ಹಿಂದುಳಿದಿವೆ ಎಂಬ ಮಾತು ನಮಗೆ ಹೊಸದಲ್ಲ. ಆ ಮಾತಿಗೆ ಪಕ್ಕಾ ಲೆಕ್ಕ ಸಿಕ್ಕಿದ್ದು 2002ರಲ್ಲಿ.

ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ ಆಗಿನ 175 ತಾಲ್ಲೂಕುಗಳನ್ನು ಕೃಷಿ, ಕೈಗಾರಿಕೆ, ರಸ್ತೆ, ಶಿಕ್ಷಣ, ಆರೋಗ್ಯ ಹೀಗೆ 35 ಅಂಶಗಳಿಂದ ಅಳೆಯಿತು. ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದಾಗ 114 ತಾಲ್ಲೂಕುಗಳು ಅದಕ್ಕಿಂತ ಕೆಳಗಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ನಮ್ಮ ಮೂರೂ ಅಲ್ಲಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚಾಗಬೇಕು ಎಂದು ಸಮಿತಿ ಹೇಳಿತು.

ಆಫ್ರಿಕಾದ ದೇಶಗಳ ಆಡಳಿತಕ್ಕೆ ಇದೇ ರೀತಿ ಅಂಕ ಕೊಡುವ ಮೊ ಇಬ್ರಾಹಿಂ ಸೂಚ್ಯಂಕ ಶುರುವಾಗಿದ್ದು 2007ರಲ್ಲಿ. ಅಲ್ಲಿ ಒಮ್ಮೆ ಅಳೆದು ಬಿಡುವುದಿಲ್ಲ, ಮತ್ತೆ ಮತ್ತೆ ಅಳೆಯುತ್ತಾರೆ. ಯಾರು ಮೇಲೆ ಬಂದರು, ಯಾರು ಜಾರಿದರು ಎಂಬುದು ಗೊತ್ತಾಗುವುದು ಆಗಲೇ.

ಇತ್ತ ಯಾದಗಿರಿ ಜಿಲ್ಲೆಯಾಯಿತು. 2012ರ ಡಿಸೆಂಬರ್‌ನಲ್ಲಿ ಸಂಸತ್ತು 371(ಜೆ) ಒಪ್ಪಿತು. ಯಾದಗಿರಿಯಿಂದ ಗುರುಮಠಕಲ್, ಶಹಾಪುರದಿಂದ ವಡಗೇರಾ, ಸುರಪುರದಿಂದ ಹುಣಸಗಿ ಬೇರೆ ತಾಲ್ಲೂಕುಗಳಾದವು. 2002ರ ಪಟ್ಟಿಯಲ್ಲಿ ಇವುಗಳ ಹೆಸರೇ ಇಲ್ಲ.

ಹಣ ಎಷ್ಟು ಬಂತು ಎಂದು ಕೇಳುತ್ತಲೇ ಇದ್ದೇವೆ. ನಮ್ಮ ತಾಲ್ಲೂಕು ಆ 1ಕ್ಕೆ ಎಷ್ಟು ಹತ್ತಿರ ಬಂತು ಎಂದೂ ಕೇಳೋಣ.