ಎರಡು ಆಸ್ಪತ್ರೆ, ಎರಡು ಚುನಾವಣೆ

1967ರ ಜನವರಿ 12ರಂದು ಮದ್ರಾಸಿನಲ್ಲಿ ನಟ ಎಂ.ಆರ್. ರಾಧಾ ಹಾರಿಸಿದ ಗುಂಡು ಎಂ.ಜಿ. ರಾಮಚಂದ್ರನ್ ಅವರ ಕುತ್ತಿಗೆಗೆ ಹೊಕ್ಕಿತು. ಮರುತಿಂಗಳೇ ಚುನಾವಣೆ. ಡಿಎಂಕೆ ಅಭ್ಯರ್ಥಿಯಾಗಿದ್ದ ಎಂಜಿಆರ್ ಪ್ರಚಾರಕ್ಕೆ ಹೋಗುವಂತಿರಲಿಲ್ಲ. ಅವರ ಬದಲು ಒಂದು ಭಿತ್ತಿಪತ್ರ ಊರೂರು ಸುತ್ತಿತು. ಅದರಲ್ಲಿದ್ದುದು ಕುತ್ತಿಗೆಗೆ ಬ್ಯಾಂಡೇಜು ಸುತ್ತಿಕೊಂಡ ಎಂಜಿಆರ್ ಚಿತ್ರ. ಅವರು ಗೆದ್ದರು, ಅವರ ಪಕ್ಷವೂ ಮೊದಲ ಬಾರಿಗೆ ಅಧಿಕಾರ ಹಿಡಿಯಿತು.

ಆ ಗೆಲುವಿಗೆ ಹಿಂದಿ ವಿರೋಧಿ ಚಳವಳಿ, ಅಕ್ಕಿಯ ಅಭಾವಗಳೂ ಕಾರಣವಾಗಿದ್ದವು. ಆದರೂ ಆ ಚಿತ್ರದ ಶಕ್ತಿ ಬೇರೆಯೇ ಬಗೆಯದು. ರಾಧಾ ತೆರೆಯ ಮೇಲೂ ಎಂಜಿಆರ್‌ಗೆ ಎದುರಾಳಿಯಾಗಿ ನಟಿಸಿದ್ದವರು. ಹೀಗಾಗಿ ಸಿನಿಮಾಕ್ಕೂ ಬದುಕಿಗೂ ನಡುವಿನ ಗೆರೆ ಅಳಿಸಿಹೋಯಿತು. ದೋಣಿ ನಡೆಸುವವನಾಗಿ, ರೈತನಾಗಿ ಬಡವರನ್ನು ಕಾಪಾಡುತ್ತಿದ್ದ ನಾಯಕ ಈಗ ತಾನೇ ಗಾಯಗೊಂಡು ಮಲಗಿದ್ದ. ಅವನನ್ನು ಕಾಪಾಡುವ ಸರದಿ ಪ್ರೇಕ್ಷಕನದಾಯಿತು. ಅದಕ್ಕೆ ಅವನ ಕೈಯಲ್ಲಿದ್ದ ಸಾಧನ ಮತ.

1984ರಲ್ಲಿ ಇದು ಮರುಕಳಿಸಿತು. ಮುಖ್ಯಮಂತ್ರಿ ಎಂಜಿಆರ್ ತೀವ್ರ ಅಸ್ವಸ್ಥರಾಗಿ ಅಮೆರಿಕದ ಬ್ರೂಕ್ಲಿನ್ ಆಸ್ಪತ್ರೆಯಲ್ಲಿದ್ದರು. ಚೇತರಿಸಿಕೊಳ್ಳುತ್ತಿದ್ದ ಅವರ ವಿಡಿಯೊ ಚಿತ್ರವನ್ನು ತಮಿಳುನಾಡಿನಾದ್ಯಂತ ತೋರಿಸಲಾಯಿತು. ಇಂದಿರಾ ಗಾಂಧಿ ಹತ್ಯೆಯ ಅನುಕಂಪವೂ ಮಿತ್ರಪಕ್ಷವಾದ ಕಾಂಗ್ರೆಸ್ಸಿನ ಮೂಲಕ ಜತೆಗೂಡಿತು. ಆಂಡಿಪಟ್ಟಿಗೆ ಕಾಲಿಡದೆಯೇ ಅವರು ಅಲ್ಲಿಂದ ಆಯ್ಕೆಯಾದರು.

ಹಾಗಾದರೆ ಅನುಯಾಯಿಗಳು ಬರೀ ಮರುಳಾದರೆ? ಅಷ್ಟು ಸುಲಭದ ಮಾತಲ್ಲ. 1982ರಲ್ಲಿ ವಿಸ್ತರಣೆಗೊಂಡ ಬಿಸಿಯೂಟ ಯೋಜನೆ ಬಡಮಕ್ಕಳ ತಟ್ಟೆಗೆ ಅನ್ನ ತಂದಿತ್ತು. ಅಭಿಮಾನಿ ಸಂಘಗಳು ಯಾರೂ ಲೆಕ್ಕಕ್ಕಿಡದ ಯುವಕರಿಗೆ ಕೇರಿಯಲ್ಲೊಂದು ಸ್ಥಾನ ಕೊಟ್ಟಿದ್ದವು. ಆದರೆ ತೆರೆಯ ಮೇಲೆ ಹೆಂಡ ಮುಟ್ಟದ ನಾಯಕನ ಸರ್ಕಾರವೇ 1981ರಲ್ಲಿ ಪಾನನಿಷೇಧ ಸಡಿಲಿಸಿತು. ಅದರ ವರಮಾನದ ಬಹುಪಾಲು ಬಂದದ್ದು ಬಡವರ ಜೇಬಿನಿಂದಲೇ. ವಿದ್ವಾಂಸ ಎಂ.ಎಸ್.ಎಸ್. ಪಾಂಡಿಯನ್ 1992ರ ತಮ್ಮ 'ದಿ ಇಮೇಜ್ ಟ್ರ್ಯಾಪ್' ಕೃತಿಯಲ್ಲಿ ವಿಶ್ಲೇಷಿಸಿದ್ದು ಈ ವಿರೋಧಾಭಾಸವನ್ನೇ.

ನಾವು ಆರಿಸಿದ ನಾಯಕನನ್ನು ಪ್ರಶ್ನಿಸಬಹುದು. ನಾವೇ ಉಳಿಸಿಕೊಂಡೆವು ಎಂದು ನಂಬಿದವನನ್ನು ಪ್ರಶ್ನಿಸುವುದು ಕಷ್ಟ. ಅವನ ಸೋಲು ನಮ್ಮದೇ ಸೋಲೆನಿಸುತ್ತದೆ. 1987ರ ಡಿಸೆಂಬರ್ 24ರಂದು ಎಂಜಿಆರ್ ನಿಧನರಾದಾಗ ಕೆಲವು ಅಭಿಮಾನಿಗಳು ಪ್ರಾಣವನ್ನೇ ಕಳೆದುಕೊಂಡರು. ಭಿತ್ತಿಪತ್ರ ಹೋಗಿ ವಿಡಿಯೊ ಬಂತು, ಅದೂ ಹೋಗಿ ಮೊಬೈಲ್ ತೆರೆ ಬಂತು. ಚಿತ್ರದಲ್ಲಿರುವವನ ಸಂಕಟಕ್ಕೆ ಮರುಗುವಾಗ ನಮ್ಮ ಸಂಕಟದ ಲೆಕ್ಕ ಕೇಳಲು ಮರೆಯುವ ಅಪಾಯ ಮಾತ್ರ ಹಾಗೆಯೇ ಉಳಿದಿದೆ.